ಸಿ ಡ್ರೈವ್ ತಾನಾಗಿಯೇ ತುಂಬುತ್ತಿದೆಯಾ? ಲ್ಯಾಪ್‌ಟಾಪ್‌ನಲ್ಲಿ ಜಾಗ ತಿನ್ನುತ್ತಿರುವುದು ಏನು ಎಂದು ಹಿಡಿಯುವ ಕ್ರಮ

"ಸಿ ಡ್ರೈವ್ ಮತ್ತೆ ಕೆಂಪಾಗಿದೆ, ಏನು ಡಿಲೀಟ್ ಮಾಡಲಿ?" ಹೀಗೆ ಕೇಳುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಒಂದಷ್ಟು ಡಿಲೀಟ್ ಮಾಡಿ ಮುಗಿಸಿರುತ್ತಾರೆ. ರೀಸೈಕಲ್ ಬಿನ್ ಖಾಲಿ ಮಾಡಿರುತ್ತಾರೆ, ಒಂದೆರಡು ಸಾಫ್ಟ್‌ವೇರ್ ತೆಗೆದಿರುತ್ತಾರೆ, ಮನಸ್ಸಿಲ್ಲದಿದ್ದರೂ ಹಳೆಯ ಫೋಟೋ ಅಳಿಸಿರುತ್ತಾರೆ. 8 ಜಿಬಿ ಸಿಗುತ್ತದೆ. ಮುಂದಿನ ವಾರ ಅದೂ ಇರುವುದಿಲ್ಲ. ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ಅಳೆಯಬೇಕು, ಆಮೇಲೆ ಹುಡುಕಬೇಕು, ಎಲ್ಲಕ್ಕಿಂತ ಕೊನೆಗೆ ಅಳಿಸಬೇಕು. ನಾವು ಅಳಿಸುವುದರಿಂದಲೇ ಶುರು ಮಾಡುತ್ತೇವೆ. ಹಾಗಾಗಿ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. 3ನೇ ಹಂತದಲ್ಲೇ ಉತ್ತರ ಸಿಕ್ಕಿಬಿಟ್ಟರೆ ಅಲ್ಲಿಗೇ ನಿಲ್ಲಿಸಬಹುದು.

ಇದು ವಿಂಡೋಸ್ 10 ಮತ್ತು 11 ಇರುವ ಲ್ಯಾಪ್‌ಟಾಪ್‌ಗಳಿಗೆ. ಮ್ಯಾಕ್‌ನ ಲೆಕ್ಕ ಬೇರೆ, ಅದನ್ನು ಇಲ್ಲಿ ಸೇರಿಸಿಲ್ಲ.

## ಕೈಯಲ್ಲಿ ಏನೇನು ಇರಬೇಕು

ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿಡಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು; ಮನೆಯಲ್ಲಿ ಬೇರೆ ಯಾರಾದರೂ ಸೆಟಪ್ ಮಾಡಿಕೊಟ್ಟಿದ್ದರೆ ಅವರನ್ನು ಕೇಳಿಕೊಳ್ಳಿ. ಒಂದು ಪೆನ್ನು, ಒಂದು ಕಾಗದ. ನಂಬರ್‌ಗಳನ್ನು ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಬರೆಯಿರಿ. ಸಾಧ್ಯವಿದ್ದರೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು, ಕಳೆದುಕೊಳ್ಳಲು ಆಗದ ಫೈಲ್‌ಗಳನ್ನು ಈಗಲೇ ಅದಕ್ಕೆ ಕಾಪಿ ಮಾಡಿಡಿ.

ಜೊತೆಗೆ ಡಿಸ್ಕ್‌ನ ಒಳಗನ್ನು ತೋರಿಸುವ ಒಂದು ಉಚಿತ ಪ್ರೋಗ್ರಾಂ. ವಿಝ್‌ಟ್ರೀ, ವಿನ್‌ಡಿರ್‌ಸ್ಟಾಟ್, ಟ್ರೀಸೈಝ್ ಫ್ರೀ, ಈ ಮೂರರಲ್ಲಿ ಯಾವುದಾದರೂ ಆಗುತ್ತದೆ. ನಾನು ವಿಝ್‌ಟ್ರೀ ಬಳಸುತ್ತೇನೆ. ಅದು ಒಂದೊಂದೇ ಫೋಲ್ಡರ್ ತೆರೆದು ಎಣಿಸುವುದಿಲ್ಲ, ಡಿಸ್ಕ್‌ನಲ್ಲಿರುವ ಫೈಲ್ ಪಟ್ಟಿಯನ್ನೇ ನೇರವಾಗಿ ಓದುತ್ತದೆ. ಅದಕ್ಕೇ ತುಂಬಾ ಬೇಗ ಮುಗಿಯುತ್ತದೆ. ಯಾವುದನ್ನು ಆರಿಸಿದರೂ ಅದರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. "ಒಂದೇ ಕ್ಲಿಕ್‌ನಲ್ಲಿ ಪಿಸಿ ಕ್ಲೀನ್" ಎನ್ನುವ ಜಾಹೀರಾತುಗಳ ಹತ್ತಿರವೂ ಹೋಗಬೇಡಿ.

## ಹಂತ 1: ಜಾಗ ನಿಜವಾಗಿ ಕಳೆದಿದೆಯಾ ನೋಡಿ

ಹೊಸ ಲ್ಯಾಪ್‌ಟಾಪ್ ತಂದವರ ದೂರು ಇದು: "256 ಜಿಬಿ ಅಂತ ಕೊಟ್ಟರು, 238 ಮಾತ್ರ ತೋರಿಸ್ತಿದೆ." ಇಲ್ಲಿ ಯಾರೂ ಮೋಸ ಮಾಡಿಲ್ಲ. ಡಿಸ್ಕ್ ಮಾಡುವವರು 1 ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ, ಸುಮಾರು 107 ಕೋಟಿ ಬೈಟ್‌ಗೆ 1 ಜಿಬಿ ಎನ್ನುತ್ತದೆ. ಹಾಗಾಗಿ 256 ಇದ್ದದ್ದು 238 ಆಗಿ ಕಾಣುತ್ತದೆ, 512 ಇದ್ದದ್ದು 476, 1 ಟಿಬಿ ಇದ್ದದ್ದು 931.

ಅದರಲ್ಲೂ ಸ್ವಲ್ಪ ಭಾಗ ಬೂಟ್ ಪಾರ್ಟಿಷನ್‌ಗೆ, ರಿಕವರಿ ಪಾರ್ಟಿಷನ್‌ಗೆ ಹೋಗಿರುತ್ತದೆ (ಪಾರ್ಟಿಷನ್ ಎಂದರೆ ಡಿಸ್ಕ್‌ನಲ್ಲಿ ಬೇರೆ ಮಾಡಿಟ್ಟ ಭಾಗ). ನೋಡಬೇಕಿದ್ದರೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಕಪ್ಪು ಪಟ್ಟಿಯ ಕೆಳಗೆ 'ಅನ್‌ಅಲೊಕೇಟೆಡ್' ಎಂದು ದೊಡ್ಡ ಭಾಗ ಕಂಡರೆ ನಿಮ್ಮ ಜಾಗ ಯಾವುದೇ ಡ್ರೈವ್‌ಗೂ ಸೇರದೆ ಸುಮ್ನೆ ಬಿದ್ದಿದೆ ಎಂದರ್ಥ. ಇಲ್ಲಿ ನೋಡಿದರೆ ಸಾಕು. ರಿಕವರಿ ಎಂದು ಬರೆದಿರುವ ಸಣ್ಣ ಪಾರ್ಟಿಷನ್ ಅಳಿಸಿ ಜಾಗ ಉಳಿಸಲು ಹೋಗಬೇಡಿ. ವಿಂಡೋಸ್ ಕೆಟ್ಟ ದಿನ ಕೈ ಹಿಡಿಯುವುದು ಅದೇ.

## ಹಂತ 2: ಮೂರು ನಂಬರ್ ಬರೆದುಕೊಳ್ಳಿ

ಮೊದಲು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕೆಲವು ಫೈಲ್‌ಗಳನ್ನು ನೀವು ಅಳಿಸಿದ್ದರೂ, ಯಾವುದೋ ಪ್ರೋಗ್ರಾಂ ಅವನ್ನು ಹಿಡಿದುಕೊಂಡಿರುವವರೆಗೆ ಜಾಗ ವಾಪಸ್ ಬರುವುದಿಲ್ಲ. ರೀಸ್ಟಾರ್ಟ್ ಮಾಡಿದಾಗ ಆ ಹಿಡಿತ ಬಿಟ್ಟುಹೋಗುತ್ತದೆ.

ಈಗ ವಿಂಡೋಸ್ ಕೀ ಜೊತೆ ಇ ಒತ್ತಿ, ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಒಟ್ಟು ಜಾಗ ಮತ್ತು ಬಳಕೆಯಾದ ಜಾಗ ಎರಡನ್ನೂ ಬರೆದುಕೊಳ್ಳಿ. ಆಮೇಲೆ ಸಿ ಡ್ರೈವ್ ಒಳಗೆ ಹೋಗಿ, ಕಂಟ್ರೋಲ್ ಮತ್ತು ಎ ಒತ್ತಿ ಎಲ್ಲ ಫೋಲ್ಡರ್ ಆಯ್ಕೆ ಮಾಡಿ, ಮತ್ತೆ ಪ್ರಾಪರ್ಟೀಸ್ ತೆರೆಯಿರಿ. ಎಣಿಸಿ ಮುಗಿಯಲು ಕೆಲವು ನಿಮಿಷ ಹಿಡಿಯುತ್ತದೆ, ಕಾಯಿರಿ. 'ಸೈಝ್ ಆನ್ ಡಿಸ್ಕ್' ಎಂದು ಕಾಣುವುದು ಮೂರನೇ ನಂಬರ್.

ಎರಡನೆಯದಕ್ಕೂ ಮೂರನೆಯದಕ್ಕೂ ಎಷ್ಟು ವ್ಯತ್ಯಾಸ? 15–20 ಜಿಬಿ ಆದರೆ ಗಾಬರಿ ಬೇಡ. ವಿಂಡೋಸ್ ತನಗಾಗಿ ಬಚ್ಚಿಟ್ಟುಕೊಳ್ಳುವ ಫೈಲ್‌ಗಳೇ ಅಷ್ಟಾಗಬಹುದು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ, ನಿಮ್ಮ ಜಾಗ ತಿಂದದ್ದು ಕಣ್ಣಿಗೆ ಕಾಣದ ಕಡೆ ಕೂತಿದೆ. ನಿಮ್ಮ ಫೋಟೋ, ಸಿನಿಮಾ ಅಳಿಸಿ ಪ್ರಯೋಜನವೇ ಇಲ್ಲ.

ನನ್ನ ಅಕ್ಕನ ಮಗಳ ಲ್ಯಾಪ್‌ಟಾಪ್‌ನ ನಂಬರ್ ಹೇಳುತ್ತೇನೆ. ಅವಳು ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಾಳೆ. ಒಟ್ಟು 237 ಜಿಬಿ. ಖಾಲಿ ಇದ್ದದ್ದು 3.4, ಅಂದರೆ ಬಳಕೆ 233.6. ಕಾಣುವ ಫೋಲ್ಡರ್‌ಗಳನ್ನೆಲ್ಲ ಕೂಡಿಸಿದರೆ ಬಂದದ್ದು 148! ಸುಮಾರು 85 ಜಿಬಿಗೆ ಲೆಕ್ಕವೇ ಇಲ್ಲ. ಅವಳು ಅದಕ್ಕೂ ಮೊದಲು ಎರಡು ಸೆಮಿಸ್ಟರ್‌ನ ಪ್ರಾಜೆಕ್ಟ್ ವಿಡಿಯೋ ಅಳಿಸಿದ್ದಳು. ಬೇಕಾದ್ದೇ ಅಳಿಸಿಹೋಯಿತು, ತೊಂದರೆ ಇದ್ದಲ್ಲೇ ಇತ್ತು. ಈ ಹಂತವನ್ನು ಬಿಡಬೇಡಿ ಎಂದು ಒತ್ತಿ ಹೇಳುವುದು ಅದಕ್ಕೇ.

ಇನ್ನೂ ಒಂದು ವಿಷಯ ಬರೆದುಕೊಳ್ಳಿ: ಜಾಗ ಒಂದೇ ಸಲ ಹೋಯಿತಾ, ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಿದೆಯಾ? ಗೊತ್ತಿಲ್ಲದಿದ್ದರೆ ಖಾಲಿ ಜಾಗದ ನಂಬರನ್ನು ಬೆಳಿಗ್ಗೆ, ಸಂಜೆ ಎರಡು ದಿನ ಬರೆಯಿರಿ. ಒಂದೇ ಸಲ ಹೋಗಿದ್ದರೆ 3ನೇ ಹಂತದಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ದಿನಾ ಸೋರುತ್ತಿದ್ದರೆ 6ನೇ ಹಂತದವರೆಗೂ ಹೋಗಬೇಕಾಗುತ್ತದೆ.

## ಹಂತ 3: ವಿಂಡೋಸ್ ಏನು ಹೇಳುತ್ತದೆ ಕೇಳಿ

ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್. ಒಂದೆರಡು ನಿಮಿಷ ಬಿಟ್ಟರೆ ಪಟ್ಟಿ ಬರುತ್ತದೆ. 'ಶೋ ಮೋರ್ ಕೆಟಗರೀಸ್' ಒತ್ತಿದರೆ ಪೂರ್ತಿ ಪಟ್ಟಿ ಕಾಣುತ್ತದೆ. ಅದರಲ್ಲಿ ಟೆಂಪರರಿ ಫೈಲ್ಸ್ ತೆರೆಯಿರಿ.

ಇಲ್ಲಿ ನಿಧಾನಿಸಿ. ಈ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರುತ್ತದೆ. ಅದು ನಿಮ್ಮದೇ ಡೌನ್‌ಲೋಡ್ ಫೋಲ್ಡರ್. ಆಧಾರ್ ಪಿಡಿಎಫ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಇರುವುದು ಅಲ್ಲೇ ಅಲ್ವಾ? ಎಲ್ಲಕ್ಕೂ ಟಿಕ್ ಹಾಕುವ ಆತುರದಲ್ಲಿ ಇದಕ್ಕೂ ಹಾಕಿದರೆ ಎಲ್ಲವೂ ಹೋಗುತ್ತದೆ. ನಾನು ಕಂಡ ಹಾಗೆ ಜನ ಅತಿ ಹೆಚ್ಚು ನೊಂದುಕೊಳ್ಳುವ ತಪ್ಪು ಇದು. ರೀಸೈಕಲ್ ಬಿನ್ ಸಾಲಿಗೆ ಟಿಕ್ ಹಾಕುವ ಮೊದಲೂ ಒಮ್ಮೆ ಅದನ್ನು ತೆರೆದು ನೋಡಿ.

'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್' ಇದೆಯಾ? ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ತುಂಬಾ ಜನ 11ಕ್ಕೆ ಹೋದರು. ಹೋದ ಮರುದಿನವೇ 20 ಜಿಬಿ ಮಾಯವಾಯಿತು ಎಂದರೆ ಕಾರಣ ಹೆಚ್ಚಾಗಿ ಇದೇ. ಹಳೆಯ ವಿಂಡೋಸ್ ಇಡಿಯಾಗಿ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಸಾಮಾನ್ಯವಾಗಿ 10 ದಿನಕ್ಕೆ ತಾನೇ ಹೋಗುತ್ತದೆ. ಹೊಸ ವಿಂಡೋಸ್ ಸರಿಯಾಗಿ ನಡೆಯುತ್ತಿದ್ದರೆ ಮೊದಲೇ ತೆಗೆಯಬಹುದು. ಆದರೆ ತೆಗೆದ ಮೇಲೆ ಹಳೆಯದಕ್ಕೆ ಮರಳಲು ಆಗುವುದಿಲ್ಲ. ಆ ಫೋಲ್ಡರ್ ಮೇಲೆ ಡಿಲೀಟ್ ಕೀ ಒತ್ತಿದರೆ ಅನುಮತಿ ಇಲ್ಲ ಎನ್ನುತ್ತದೆ, ಈ ಪಟ್ಟಿಯಿಂದಲೇ ತೆಗೆಯಬೇಕು.

ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಷನ್ ಫೈಲ್ಸ್, ಥಂಬ್‌ನೇಲ್ಸ್, ಟೆಂಪರರಿ ಫೈಲ್ಸ್ ಇವಕ್ಕೆಲ್ಲ ಟಿಕ್ ಹಾಕಬಹುದು, ಅಪಾಯ ಇಲ್ಲ.

ಇದೇ ಪುಟದಲ್ಲಿ 'ಸಿಸ್ಟಮ್ ಅಂಡ್ ರಿಸರ್ವ್ಡ್' ತೆರೆದರೆ 'ರಿಸರ್ವ್ಡ್ ಸ್ಟೋರೇಜ್' ಎಂದು ಸುಮಾರು 7 ಜಿಬಿ ಕಾಣಬಹುದು. ಅಪ್‌ಡೇಟ್ ಬಂದಾಗ ಜಾಗ ಸಾಲದೆ ಅರ್ಧಕ್ಕೆ ನಿಲ್ಲದಿರಲಿ ಎಂದು ವಿಂಡೋಸ್ ಎತ್ತಿಟ್ಟುಕೊಂಡದ್ದು. ಅದನ್ನು ಮುಟ್ಟಬೇಡಿ.

## ಹಂತ 4: ಕಾಣದ ಜಾಗಕ್ಕೆ ಬೆಳಕು ಹಾಕಿ

ವಿಝ್‌ಟ್ರೀ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಡಿ. ಇದನ್ನು ಬಿಟ್ಟರೆ ಪ್ರೋಗ್ರಾಂ ನಿಮಗೆ ಅನುಮತಿ ಇರುವ ಫೋಲ್ಡರ್ ಮಾತ್ರ ತೋರಿಸುತ್ತದೆ, ನಾವು ಹುಡುಕುತ್ತಿರುವುದು ಉಳಿದದ್ದನ್ನು. ಸಿ ಡ್ರೈವ್ ಆರಿಸಿ ಸ್ಕ್ಯಾನ್ ಒತ್ತಿ. ದೊಡ್ಡದು ಮೇಲೆ, ಚಿಕ್ಕದು ಕೆಳಗೆ ಎಂದು ಪಟ್ಟಿ ಬರುತ್ತದೆ.

ಮೊದಲ ಸಾಲನ್ನು ಬಿಚ್ಚಿ. ಅದರೊಳಗಿನ ದೊಡ್ಡದನ್ನು ಬಿಚ್ಚಿ. ಒಂದು ದೊಡ್ಡ ಫೈಲ್ ಅಥವಾ ಸಾವಿರಾರು ಸಣ್ಣ ಫೈಲ್ ತುಂಬಿದ ಒಂದು ಫೋಲ್ಡರ್ ಸಿಗುವವರೆಗೂ ಇಳಿಯುತ್ತಾ ಹೋಗಿ. ಸಿಕ್ಕಿದ್ದರ ದಾರಿ, ಗಾತ್ರ ಬರೆದುಕೊಳ್ಳಿ. ಇನ್ನೂ ಏನನ್ನೂ ಅಳಿಸಬೇಡಿ. ಈ ಪ್ರೋಗ್ರಾಂ ಒಳಗಿಂದಲೇ ಡಿಲೀಟ್ ಮಾಡಬಹುದು ನಿಜ, ಆದರೆ ಇದನ್ನು ಕನ್ನಡಿಯ ಹಾಗೆ ಬಳಸಿ, ಕತ್ತರಿಯ ಹಾಗೆ ಬೇಡ.

ಅಕ್ಕನ ಮಗಳ ಲ್ಯಾಪ್‌ಟಾಪ್‌ನಲ್ಲಿ ಮೇಲಿನ ಸಾಲಿನಲ್ಲೇ 'ಪ್ರೋಗ್ರಾಂಡೇಟಾ' ಇತ್ತು. ಸಿ ಡ್ರೈವ್‌ನಲ್ಲಿರುವ ಅಡಗಿದ ಫೋಲ್ಡರ್ ಅದು, ಮಾಮೂಲಿಯಾಗಿ ಕಾಣುವುದಿಲ್ಲ. ಒಳಗೆ ಇಳಿದರೆ ಒಂದೇ ಒಂದು ಫೈಲ್, 61 ಜಿಬಿ! ಹೆಸರಿನ ಕೊನೆಗೆ 'ಲಾಗ್'. ಅದು ಏನೆಂದು 6ನೇ ಹಂತದಲ್ಲಿ ಹೇಳುತ್ತೇನೆ.

## ಹಂತ 5: ಸಿಕ್ಕಿದ್ದು ಯಾವುದು, ಅದಕ್ಕೆ ಏನು ಮಾಡಬೇಕು

ನಿಮ್ಮ ಹೆಸರಿನ ಫೋಲ್ಡರ್ ಒಳಗಿನ ಆಪ್‌ಡೇಟಾ. ಜಾಗ ಹೆಚ್ಚು ಹೋಗುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಇದೂ ಅಡಗಿದ ಫೋಲ್ಡರ್. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಒತ್ತಿದರೆ ಕಾಣುತ್ತದೆ. ವಾಟ್ಸಾಪ್‌ನ ಡೆಸ್ಕ್‌ಟಾಪ್ ಆಪ್ ಇಳಿಸಿಕೊಂಡ ಫೋಟೋ, ವಿಡಿಯೋ ಎಲ್ಲ ಇದರೊಳಗೇ ಸೇರುತ್ತವೆ. ಮದುವೆ ಮನೆ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಹಳೆ ಸಹಪಾಠಿಗಳ ಗ್ರೂಪು ಇದ್ದವರಿಗೆ ಇದು ಹತ್ತಾರು ಜಿಬಿ ಆಗುವುದುಂಟು. ಫೋಲ್ಡರ್‌ಗೆ ಹೋಗಿ ಕೈಯಿಂದ ಅಳಿಸಬೇಡಿ. ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಟೊ ಡೌನ್‌ಲೋಡ್ ಮೊದಲು ನಿಲ್ಲಿಸಿ, ಆಮೇಲೆ ಬೇಡದ ಚಾಟ್‌ಗಳ ಮೀಡಿಯಾ ತೆಗೆಯಿರಿ. ಆಟೊ ಡೌನ್‌ಲೋಡ್ ಹಾಗೇ ಬಿಟ್ಟರೆ ಮತ್ತೆ ತುಂಬುತ್ತದೆ.

ಐಫೋನ್ ಇದ್ದವರು 'ಮೊಬೈಲ್‌ಸಿಂಕ್' ಹೆಸರಿನ ಫೋಲ್ಡರ್ ನೋಡಿ. ಫೋನ್ ಅನ್ನು ಒಮ್ಮೆ ಲ್ಯಾಪ್‌ಟಾಪ್‌ಗೆ ಬ್ಯಾಕಪ್ ಮಾಡಿದ್ದರೆ ಅದು ಇಲ್ಲಿ ಇರುತ್ತದೆ. ಹಳೆಯ ಫೋನ್ ಮಾರಿ ಎರಡು ವರ್ಷ ಆಗಿದ್ದರೂ ಅದರ ಬ್ಯಾಕಪ್ ಇಲ್ಲೇ ಕೂತಿರುತ್ತದೆ. ಅದನ್ನು ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್ ಆಪ್ ಒಳಗಿಂದ ತೆಗೆಯಿರಿ. ವಿಡಿಯೋ ಎಡಿಟಿಂಗ್ ಮಾಡುವವರು 'ಮೀಡಿಯಾ ಕ್ಯಾಶ್' ಹುಡುಕಿ. ಪ್ರಾಜೆಕ್ಟ್ ಮುಗಿದ ಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಿಂದಲೇ ಅದನ್ನು ಖಾಲಿ ಮಾಡಬಹುದು. ಡಾಕರ್ ಅಥವಾ ಲಿನಕ್ಸ್ ಸಬ್‌ಸಿಸ್ಟಮ್ ಬಳಸುವ ವಿದ್ಯಾರ್ಥಿಗಳು 'ವಿಹೆಚ್‌ಡಿಎಕ್ಸ್' ಎಂದು ಕೊನೆಯಾಗುವ ಫೈಲ್ ನೋಡಿ. ಅದು ಬೆಳೆಯುತ್ತದೆ, ಒಳಗಿನದನ್ನು ಅಳಿಸಿದರೂ ಸಾಮಾನ್ಯವಾಗಿ ತಾನಾಗಿ ಕುಗ್ಗುವುದಿಲ್ಲ.

ಒನ್‌ಡ್ರೈವ್. ಫೈಲ್ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಅದು ಇಂಟರ್ನೆಟ್‌ನಲ್ಲಿ ಮಾತ್ರ ಇದೆ, ಲ್ಯಾಪ್‌ಟಾಪ್‌ನ ಜಾಗ ತಿನ್ನುವುದಿಲ್ಲ. ಹಸಿರು ಟಿಕ್ ಇದ್ದರೆ ಇಲ್ಲೂ ಒಂದು ಪ್ರತಿ ಇದೆ. ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಕೊಟ್ಟರೆ ಇಲ್ಲಿನ ಪ್ರತಿ ಹೋಗಿ ಮೋಡದ ಗುರುತು ಬರುತ್ತದೆ. ಇದನ್ನು ಡಿಲೀಟ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಡಿಲೀಟ್ ಕೊಟ್ಟರೆ ಅಲ್ಲಿಂದಲೂ ಹೋಗುತ್ತದೆ, ನಿಮ್ಮ ಫೋನಿನ ಒನ್‌ಡ್ರೈವ್‌ನಿಂದಲೂ ಹೋಗುತ್ತದೆ.

ಬೇರೆಯವರ ಅಕೌಂಟ್. ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮದಲ್ಲದ ಹೆಸರು ದೊಡ್ಡದಾಗಿ ಕಾಣುತ್ತಿದೆಯಾ? ಅಣ್ಣ ಬಳಸಿ ಬಿಟ್ಟದ್ದೋ, ಸೆಕೆಂಡ್ ಹ್ಯಾಂಡ್ ಕೊಂಡಾಗಿನ ಹಳೆಯ ಮಾಲೀಕರದ್ದೋ ಇರಬಹುದು. ಬೇಕಾದ ಫೈಲ್ ಇದೆಯಾ ಎಂದು ಕೇಳಿ, ಕಾಪಿ ಮಾಡಿಸಿ, ಆಮೇಲೆ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ನಿಂದ ತೆಗೆಯಿರಿ. ಅಕೌಂಟ್ ತೆಗೆದರೆ ಅವರ ಎಲ್ಲ ಫೈಲೂ ಹೋಗುತ್ತದೆ.

ಹೈಬರ್‌ಫಿಲ್ ಡಾಟ್ ಸಿಸ್. ಲ್ಯಾಪ್‌ಟಾಪ್ ಹೈಬರ್ನೇಟ್ ಆದಾಗ ರ್‍ಯಾಮ್‌ನಲ್ಲಿದ್ದದ್ದನ್ನು ಇಟ್ಟುಕೊಳ್ಳುವ ಫೈಲ್. ಸಾಮಾನ್ಯವಾಗಿ ರ್‍ಯಾಮ್‌ನ ಶೇ 40ರಷ್ಟು ಇರುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ 3.2 ಜಿಬಿ, 16 ಇದ್ದರೆ 6.4. ಕೈಯಿಂದ ಅಳಿಸಲು ಆಗುವುದಿಲ್ಲ. ಹೈಬರ್ನೇಟ್ ಬಳಸುವುದೇ ಇಲ್ಲ ಎನ್ನುವವರು ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಈ ಆದೇಶವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ: ಮೊದಲು ಪಿ-ಓ-ಡಬ್ಲ್ಯು-ಇ-ಆರ್-ಸಿ-ಎಫ್-ಜಿ ಎಂದು ಒಂದೇ ಪದ, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಸ್ಲ್ಯಾಶ್, ಅದಕ್ಕೆ ಅಂಟಿಕೊಂಡು ಹೆಚ್, ಮತ್ತೊಂದು ಸ್ಪೇಸ್, ಆಮೇಲೆ ಆಫ್. ಎಂಟರ್ ಒತ್ತಿ. ಇದರಿಂದ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ಬ್ಯಾಟರಿ ದುರ್ಬಲವಾಗಿರುವ, ಪದೇ ಪದೇ ಕರೆಂಟ್ ಹೋಗುವ ಊರಿನವರಿಗೆ ನಾನು ಇದನ್ನು ಹೇಳುವುದಿಲ್ಲ. ಚಾರ್ಜ್ ಮುಗಿಯುವ ಹೊತ್ತಿಗೆ ಸೇವ್ ಮಾಡದ ಕೆಲಸವನ್ನು ಕಾಯುವುದು ಹೈಬರ್ನೇಟ್.

ಪೇಜ್‌ಫೈಲ್ ಡಾಟ್ ಸಿಸ್. ಇದು ರ್‍ಯಾಮ್ ಸಾಲದಾದಾಗ ಡಿಸ್ಕ್‌ನಿಂದ ಎರವಲು ಪಡೆಯುವ ಜಾಗ. ರ್‍ಯಾಮ್ ಕಡಿಮೆ ಇದ್ದು ಒಂದೇ ಸಲ ತುಂಬಾ ಪ್ರೋಗ್ರಾಂ ತೆರೆದರೆ ಇದು ಉಬ್ಬುತ್ತದೆ. ಗಾತ್ರ ಎಷ್ಟಿರಬೇಕು ಎಂಬುದನ್ನು ವಿಂಡೋಸ್‌ಗೇ ಬಿಡಿ.

ಸಿಸ್ಟಮ್ ವಾಲ್ಯೂಮ್ ಇನ್ಫಾರ್ಮೇಷನ್. ರಿಸ್ಟೋರ್ ಪಾಯಿಂಟ್‌ಗಳು, ಅಂದರೆ ವಿಂಡೋಸ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಉಳಿಸಿಟ್ಟ ಗುರುತುಗಳು ಇರುವ ಜಾಗ. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ, ಸಿ ಡ್ರೈವ್ ಆರಿಸಿ 'ಕಾನ್‌ಫಿಗರ್' ಒತ್ತಿ. 'ಮ್ಯಾಕ್ಸ್ ಯೂಸೇಜ್' ಎಂಬ ಜಾರುಗುಂಡಿಯನ್ನು ಶೇ 3 ಅಥವಾ 5ಕ್ಕೆ ಎಳೆದು ಅಪ್ಲೈ ಕೊಡಿ. ಹಳೆಯ ಪಾಯಿಂಟ್‌ಗಳು ತಾವಾಗಿಯೇ ಹೋಗುತ್ತವೆ. ಪೂರ್ತಿ ಆಫ್ ಮಾಡಬೇಡಿ. ಕೆಟ್ಟ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಒಂದು ಬಂದು ಲ್ಯಾಪ್‌ಟಾಪ್ ತೊದಲಿದ ದಿನ ಇದರ ಬೆಲೆ ತಿಳಿಯುತ್ತದೆ.

ವಿನ್‌ಎಸ್‌ಎಕ್ಸ್‌ಎಸ್. ವಿಂಡೋಸ್ ಫೋಲ್ಡರ್ ಒಳಗಿರುವ ಇದು ನೋಡಲು ದೈತ್ಯ. ಆದರೆ ಇದರಲ್ಲಿ ಕಾಣುವ ಫೈಲ್‌ಗಳಲ್ಲಿ ಬಹಳಷ್ಟು ಬೇರೆ ಕಡೆಯೂ ಅದೇ ಫೈಲ್ ಆಗಿ ಕಾಣುತ್ತವೆ. ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ. ಎರಡು ಸಲ ಎಣಿಸಿದಾಗ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇದರ ಒಳಗಿನದನ್ನು, ಹಾಗೇ ವಿಂಡೋಸ್ ಫೋಲ್ಡರ್‌ನಲ್ಲಿರುವ 'ಇನ್‌ಸ್ಟಾಲರ್' ಫೋಲ್ಡರನ್ನು ಕೈಯಿಂದ ಅಳಿಸಿದರೆ ಮುಂದೆ ಅಪ್‌ಡೇಟ್ ಆಗುವುದಿಲ್ಲ, ಸಾಫ್ಟ್‌ವೇರ್ ತೆಗೆಯಲೂ ಆಗುವುದಿಲ್ಲ. 3ನೇ ಹಂತದ ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಇದನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸುತ್ತದೆ.

ಮೆಮೊರಿ ಡಾಟ್ ಡಿಎಂಪಿ. ನೀಲಿ ಪರದೆ ಬಂದು ಲ್ಯಾಪ್‌ಟಾಪ್ ನಿಂತಾಗ ಬರೆದಿಟ್ಟ ಫೈಲ್. ಅಳಿಸಬಹುದು. ಆದರೆ ಇದು ಇದೆ ಎಂದರೆ ಲ್ಯಾಪ್‌ಟಾಪ್ ಎಂದೋ ಒಂದು ದಿನ ಕ್ರ್ಯಾಶ್ ಆಗಿದೆ. ಫೈಲಿನ ದಿನಾಂಕ ನೋಡಿಕೊಂಡು ಆಮೇಲೆ ಅಳಿಸಿ.

## ಹಂತ 6: ದಿನಾ ಸೋರುತ್ತಿದ್ದರೆ, ಬರೆಯುತ್ತಿರುವ ಪ್ರೋಗ್ರಾಂ ಹಿಡಿಯಿರಿ

ಇಲ್ಲಿ ಫೈಲ್ ಸಿಕ್ಕರೆ ಸಾಲದು, ಅದನ್ನು ಬೆಳೆಸುತ್ತಿರುವ ಪ್ರೋಗ್ರಾಂ ಸಿಗಬೇಕು.

ಸ್ಟಾರ್ಟ್ ಮೆನುವಿನಲ್ಲಿ 'ರಿಸೋರ್ಸ್ ಮಾನಿಟರ್' ಹುಡುಕಿ ತೆರೆಯಿರಿ. ಡಿಸ್ಕ್ ಟ್ಯಾಬ್‌ಗೆ ಹೋಗಿ. ಕೆಳಗಿನ 'ಡಿಸ್ಕ್ ಆಕ್ಟಿವಿಟಿ' ಪಟ್ಟಿಯಲ್ಲಿ 'ರೈಟ್' ಎಂಬ ತಲೆಬರಹ ಒತ್ತಿದರೆ, ಜಾಸ್ತಿ ಬರೆಯುತ್ತಿರುವುದು ಮೇಲೆ ಬರುತ್ತದೆ. ಯಾವ ಪ್ರೋಗ್ರಾಂ, ಯಾವ ಫೈಲಿಗೆ ಬರೆಯುತ್ತಿದೆ ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಬೇರೆ ಎಲ್ಲ ಕಿಟಕಿ ಮುಚ್ಚಿ, ಕೈ ತೆಗೆದು, 5 ನಿಮಿಷ ಸುಮ್ನೆ ನೋಡುತ್ತಾ ಕೂರಿ. ನೀವು ಏನೂ ಮಾಡದಿದ್ದರೂ ಒಂದೇ ಹೆಸರು ಮೇಲೇ ನಿಂತಿದ್ದರೆ ಅದೇ ಇರಬೇಕು.

ಆಗಾಗ ಮಾತ್ರ ಬರೆಯುವ ಪ್ರೋಗ್ರಾಂ ಆದರೆ ಹೀಗೆ ಸಿಗುವುದಿಲ್ಲ. ಆಗ ವಿಝ್‌ಟ್ರೀಯ 'ಫೈಲ್ ವ್ಯೂ' ಟ್ಯಾಬ್‌ನಲ್ಲಿ 'ಮಾಡಿಫೈಡ್' ದಿನಾಂಕದ ಮೇಲೆ ಒತ್ತಿ. ಇವತ್ತು ಬದಲಾದ ಫೈಲ್‌ಗಳು ಮೇಲೆ ಬರುತ್ತವೆ. ಇವತ್ತಿನ ದಿನಾಂಕ, ದೊಡ್ಡ ಗಾತ್ರ, ಎರಡೂ ಇರುವುದನ್ನು ಹುಡುಕಿ. ನಾಳೆ ಅದೇ ಹೊತ್ತಿಗೆ ಮತ್ತೆ ಸ್ಕ್ಯಾನ್ ಮಾಡಿ ಗಾತ್ರ ಹೋಲಿಸಿ.

ಈಗ ಆ 61 ಜಿಬಿ. ಅಕ್ಕನ ಮನೆಯಲ್ಲಿ ಒಂದು ಪ್ರಿಂಟರ್ ಇದೆ. ಅದರ ಜೊತೆ ಬಂದ ಸಹಾಯಕ ಪ್ರೋಗ್ರಾಂ ಒಂದು ಲ್ಯಾಪ್‌ಟಾಪ್ ಆನ್ ಆದಾಗೆಲ್ಲ ತಾನೂ ಆನ್ ಆಗುತ್ತಿತ್ತು. ರಜೆ ಮುಗಿಸಿ ಅವಳು ಹಾಸ್ಟೆಲ್‌ಗೆ ಬಂದು ಒಂದು ತಿಂಗಳಾಗಿತ್ತು. ಪ್ರಿಂಟರ್ ಊರಲ್ಲಿ, ಲ್ಯಾಪ್‌ಟಾಪ್ ಹಾಸನದಲ್ಲಿ. ಪ್ರೋಗ್ರಾಂ ಪ್ರಿಂಟರನ್ನು ಹುಡುಕುತ್ತಲೇ ಇತ್ತು, ಸಿಗಲಿಲ್ಲ ಎಂದು ಪ್ರತಿ ಸಲವೂ ಲಾಗ್ ಫೈಲಿನಲ್ಲಿ ಒಂದು ಸಾಲು ಬರೆಯುತ್ತಲೇ ಇತ್ತು. ಸೆಕೆಂಡಿಗೆ ನೂರಾರು ಸಾಲು, ದಿನಕ್ಕೆ ಸುಮಾರು 2 ಜಿಬಿ. ರಿಸೋರ್ಸ್ ಮಾನಿಟರ್‌ನಲ್ಲಿ ಆ ಹೆಸರು ಮೇಲಿಂದ ಕದಲಲೇ ಇಲ್ಲ.

ಫೈಲ್ ಅಳಿಸಲು ಹೋದರೆ "ಬೇರೆ ಪ್ರೋಗ್ರಾಂ ಬಳಸುತ್ತಿದೆ" ಎಂದಿತು. ಹಾಗಾಗಿ ಕ್ರಮ ಹೀಗೆ: ಮೊದಲು ಸೆಟ್ಟಿಂಗ್ಸ್, ಆಪ್ಸ್‌ನಿಂದ ಆ ಸಹಾಯಕ ಪ್ರೋಗ್ರಾಂ ಅನ್‌ಇನ್‌ಸ್ಟಾಲ್. ಆಮೇಲೆ ರೀಸ್ಟಾರ್ಟ್. ಆಮೇಲೆ ಲಾಗ್ ಫೈಲ್ ಡಿಲೀಟ್. ಕೊನೆಗೆ ರೀಸೈಕಲ್ ಬಿನ್ ಖಾಲಿ. ಮುದ್ರಿಸಲು ಬೇಕಾದ ಡ್ರೈವರ್ ಬೇರೆಯೇ ಇತ್ತು, ಅದು ಹಾಗೇ ಉಳಿಯಿತು. ಲಾಗ್ ಮಾತ್ರ ಅಳಿಸಿ ಪ್ರೋಗ್ರಾಂ ಬಿಟ್ಟಿದ್ದರೆ ಇನ್ನೊಂದು ತಿಂಗಳಿಗೆ ಮತ್ತೆ ಇದೇ ಕಥೆ.

ನಿಮಗೆ ಸಿಕ್ಕ ಪ್ರೋಗ್ರಾಂ ಬೇಕೇ ಬೇಕಾದದ್ದು, ಉದಾಹರಣೆಗೆ ಅಕೌಂಟಿಂಗ್ ಸಾಫ್ಟ್‌ವೇರ್ ಆದರೆ? ಅನ್‌ಇನ್‌ಸ್ಟಾಲ್ ಬೇಡ. ಮೊದಲು ಅಪ್‌ಡೇಟ್ ಮಾಡಿ, ಆಮೇಲೆ ಅದರ ಸೆಟ್ಟಿಂಗ್ಸ್‌ನಲ್ಲಿ ಲಾಗ್ ಅಥವಾ ಆಟೊ ಬ್ಯಾಕಪ್ ಎಷ್ಟು ಪ್ರತಿ ಇಡಬೇಕು ಎಂಬ ಆಯ್ಕೆ ಹುಡುಕಿ. ದಿನಕ್ಕೊಂದು ಪೂರ್ತಿ ಬ್ಯಾಕಪ್ ಸಿ ಡ್ರೈವ್‌ಗೇ ಹೋಗುತ್ತಿರುವುದು ಅಂಗಡಿ ಲ್ಯಾಪ್‌ಟಾಪ್‌ಗಳಲ್ಲಿ ಮಾಮೂಲಿ.

ಎಚ್ಚರಿಕೆಯ ಗುರುತು: ಬರೆಯುತ್ತಿರುವ ಪ್ರೋಗ್ರಾಂನ ಹೆಸರಿಗೆ ಅರ್ಥವೇ ಇಲ್ಲ, ನೀವು ಹಾಕಿದ ನೆನಪಿಲ್ಲ, ಫ್ಯಾನ್ ಸದಾ ಜೋರಾಗಿ ತಿರುಗುತ್ತಿದೆ, ಇಂಟರ್ನೆಟ್ ಡೇಟಾ ಕೂಡ ಬೇಗ ಮುಗಿಯುತ್ತಿದೆ ಎಂದಾದರೆ ಅದು ವೈರಸ್ ಇರಬಹುದು. ವಿಂಡೋಸ್ ಸೆಕ್ಯುರಿಟಿ ತೆರೆದು, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ.

## ಹಂತ 7: ಇನ್ನೂ ಲೆಕ್ಕ ಸಿಗದಿದ್ದರೆ

ಅಡ್ಮಿನಿಸ್ಟ್ರೇಟರ್ ಆಗಿ ಸ್ಕ್ಯಾನ್ ಮಾಡಿದರೂ ಒಟ್ಟು ಬಳಕೆಗೂ ಪಟ್ಟಿಗೂ ತಾಳೆ ಆಗುತ್ತಿಲ್ಲವೇ? ಡಿಸ್ಕ್‌ನ ಲೆಕ್ಕದ ಪುಸ್ತಕವೇ ತಪ್ಪಿರಬಹುದು. ಕರೆಂಟ್ ಹೋಗಿ ಲ್ಯಾಪ್‌ಟಾಪ್ ದಿಢೀರ್ ಆಫ್ ಆದಾಗ ಹೀಗೆ ಆಗಬಹುದು. ಸಿ ಡ್ರೈವ್ ಪ್ರಾಪರ್ಟೀಸ್, ಟೂಲ್ಸ್ ಟ್ಯಾಬ್, ಚೆಕ್ ಒತ್ತಿ. ತಪ್ಪು ಸಿಕ್ಕರೆ ರೀಸ್ಟಾರ್ಟ್ ಮಾಡಿಸಿ ಸರಿ ಮಾಡುತ್ತದೆ. ಅರ್ಧದಲ್ಲಿ ಪವರ್ ಬಟನ್ ಒತ್ತಿ ಆಫ್ ಮಾಡಬೇಡಿ, ಎಷ್ಟು ಹೊತ್ತಾದರೂ ಬಿಡಿ.

ಆದರೆ ಫೈಲ್‌ಗಳು ತಾವಾಗಿ ಮಾಯವಾಗುತ್ತಿದ್ದರೆ, ಕಾಪಿ ಮಾಡುವಾಗ ಒಂದೇ ಜಾಗದಲ್ಲಿ ಪದೇ ಪದೇ ನಿಲ್ಲುತ್ತಿದ್ದರೆ, ಹಳೆಯ ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಈ ಚೆಕ್ ಮಾಡಲೇಬೇಡಿ. ಡಿಸ್ಕ್ ಸಾಯುತ್ತಿದೆ. ಮೊದಲು ಬೇಕಾದ ಫೈಲ್ ಹೊರಗೆ ತೆಗೆಯಿರಿ.

## ಹಂತ 8: ಸಿಕ್ಕ ಜಾಗ ಉಳಿಸಿಕೊಳ್ಳಿ

ಮತ್ತೆ ಮೂರು ನಂಬರ್ ಬರೆಯಿರಿ. ಒಂದು ವಾರ ಬಿಟ್ಟು ಇನ್ನೊಮ್ಮೆ. ಡ್ರೈವ್‌ನ ಶೇ 15ರಷ್ಟಾದರೂ ಖಾಲಿ ಇರಲಿ. ತುಂಬಿ ತುಳುಕುವ ಎಸ್‌ಎಸ್‌ಡಿ (ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ವೇಗದ ಡಿಸ್ಕ್) ನಿಧಾನವಾಗುತ್ತದೆ, ಅಪ್‌ಡೇಟ್‌ಗಳೂ ಸೋಲುತ್ತವೆ.

ಡಿ ಡ್ರೈವ್ ಖಾಲಿ ಇದ್ದರೆ ಡಾಕ್ಯುಮೆಂಟ್ಸ್, ವಿಡಿಯೋಸ್ ಫೋಲ್ಡರ್‌ಗಳನ್ನು ಅಲ್ಲಿಗೆ ಸಾಗಿಸಿ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಷನ್, ಮೂವ್. ಇಲ್ಲೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಡಿ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡದೆ ನೇರವಾಗಿ ಡಿ ಡ್ರೈವನ್ನೇ ಆರಿಸುತ್ತಾರೆ. ಆಗ ಇಡೀ ಡಿ ಡ್ರೈವೇ 'ಡಾಕ್ಯುಮೆಂಟ್ಸ್' ಆಗಿಬಿಡುತ್ತದೆ, ಹಿಂದಕ್ಕೆ ತರುವುದು ದೊಡ್ಡ ತಲೆನೋವು. ಮೊದಲು ಡಿ ಒಳಗೆ ಅದೇ ಹೆಸರಿನ ಫೋಲ್ಡರ್ ಮಾಡಿ, ಅದನ್ನು ಆರಿಸಿ. ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಮಾತ್ರ ಕಟ್ ಮಾಡಿ ಡಿ ಡ್ರೈವ್‌ಗೆ ಪೇಸ್ಟ್ ಮಾಡಬೇಡಿ, ಒಂದು ಸಾಫ್ಟ್‌ವೇರೂ ತೆರೆಯುವುದಿಲ್ಲ.

ಬೇಡದ ಫೈಲ್‌ಗಳನ್ನು ವಿಂಡೋಸ್ ತಾನಾಗಿಯೇ ತೆಗೆಯುವ ಸ್ಟೋರೇಜ್ ಸೆನ್ಸ್ ಆನ್ ಮಾಡಬಹುದು. ಅದರೊಳಗೆ ಡೌನ್‌ಲೋಡ್ಸ್ ಎದುರು 'ನೆವರ್' ಇದೆಯಾ ಎಂದು ಒಮ್ಮೆ ನೋಡಿ. ಡ್ರೈವ್ ಪ್ರಾಪರ್ಟೀಸ್‌ನಲ್ಲಿ ಕಾಣುವ 'ಕಂಪ್ರೆಸ್ ದಿಸ್ ಡ್ರೈವ್' ಟಿಕ್ ಬೇಡ. ರಿಜಿಸ್ಟ್ರಿ ಕ್ಲೀನರ್‌ಗಳು ಬೇಡವೇ ಬೇಡ. ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡೆ; ಅದನ್ನು ಸ್ವಚ್ಛ ಮಾಡಿ ಸಿಗುವ ಜಾಗ ಲೆಕ್ಕಕ್ಕೇ ಬರುವುದಿಲ್ಲ, ಕೆಟ್ಟರೆ ವಿಂಡೋಸೇ ಏಳುವುದಿಲ್ಲ.

## ಅಂಗಡಿಗೆ ಒಯ್ಯುವ ಮೊದಲು

ಎಲ್ಲ ಮಾಡಿಯೂ ಜಾಗ ಸಾಲದು ಎಂದಾದರೆ, ಅಂದರೆ ನಿಮ್ಮ ನಿಜವಾದ ಫೈಲ್‌ಗಳೇ ಅಷ್ಟಿದ್ದರೆ, ಆಗ ದೊಡ್ಡ ಎಸ್‌ಎಸ್‌ಡಿ ಹಾಕಿಸುವುದು ಸರಿ. ನಿಮ್ಮ ಮಾಡೆಲ್‌ಗೆ ಎನ್‌ವಿಎಂಇ ಹಿಡಿಯುತ್ತದಾ, ಸಾಟಾ ಹಿಡಿಯುತ್ತದಾ (ಇವು ಎಸ್‌ಎಸ್‌ಡಿಯ ಎರಡು ಬಗೆ), ಉದ್ದ ಎಷ್ಟು, ಎರಡನೇ ಸ್ಲಾಟ್ ಖಾಲಿ ಇದೆಯಾ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಎರಡನೇ ಸ್ಲಾಟ್ ಇದ್ದರೆ ಹಳೆಯದನ್ನು ತೆಗೆಯುವ ಅಗತ್ಯವೇ ಇಲ್ಲ.

ಅಕ್ಕನ ಮಗಳಿಗೆ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದೂ ನೋಡದೆ "ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ" ಎಂದಿದ್ದರು. ಫಾರ್ಮ್ಯಾಟ್ ಮಾಡಿ, ಪ್ರಿಂಟರ್ ಸಾಫ್ಟ್‌ವೇರ್ ಮತ್ತೆ ಹಾಕಿದ್ದರೆ ಮರುದಿನದಿಂದಲೇ ಆ ಲಾಗ್ ಮತ್ತೆ ಬರೆಯಲು ಶುರು ಮಾಡುತ್ತಿತ್ತು. ಹಾಗಾಗಿ ರಿಪೇರಿಗೆ ಕೊಡುವಾಗ ನಿಮ್ಮ ಮೂರು ನಂಬರ್ ಇರುವ ಕಾಗದವನ್ನೂ ಕೊಡಿ. ಯಾವ ಫೋಲ್ಡರ್ ದೊಡ್ಡದಿದೆ ಎಂದು ಬಾಯಿಬಿಟ್ಟು ಹೇಳಿ. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ ಎಂದು ರಸೀದಿಯ ಮೇಲೇ ಬರೆಸಿಕೊಳ್ಳಿ.